ಪ್ಯಾಕೆಟ್ ಮೇಲೆ ವಿಳಾಸವಿದೆ, ಹೊಲ ಎಲ್ಲಿದೆ?

ಅಡುಗೆಮನೆಯಲ್ಲಿರುವ ತೊಗರಿ ಬೇಳೆಯ ಪ್ಯಾಕೆಟ್ ಒಂದನ್ನು ಎತ್ತಿಕೊಂಡು ಹಿಂಬದಿ ಓದಿ. ತೂಕ, ಎಂಆರ್‌ಪಿ, ಪ್ಯಾಕ್ ಮಾಡಿದ ತಿಂಗಳು, ಎಷ್ಟು ದಿನದೊಳಗೆ ಬಳಸಬೇಕು, ಕಂಪನಿಯ ವಿಳಾಸ, ದೂರು ಹೇಳಲು ಫೋನ್ ನಂಬರ್, 14 ಅಂಕಿಗಳ ಎಫ್‌ಎಸ್‌ಎಸ್‌ಎಐ ಸಂಖ್ಯೆ, ಹೀಗೆ ಎಲ್ಲವೂ ಇರುತ್ತದೆ. ಆದರೆ ಒಂದು ಪ್ರಶ್ನೆಗೆ ಮಾತ್ರ ಅಲ್ಲಿ ಉತ್ತರ ಸಿಗುವುದು ಕಷ್ಟ: ಈ ಬೇಳೆ ಬೆಳೆದದ್ದು ಎಲ್ಲಿ? ಕಲಬುರಗಿಯಲ್ಲೋ, ಮ್ಯಾನ್ಮಾರ್‌ನಲ್ಲೋ, ಆಫ್ರಿಕಾದ ಮೊಜಾಂಬಿಕ್‌ನಲ್ಲೋ?

ಇದು ತಮಾಷೆಯ ಪ್ರಶ್ನೆಯಲ್ಲ. ನಮ್ಮ ದೇಶ ಪ್ರತಿವರ್ಷ ಹೊರಗಿನಿಂದ ತೊಗರಿ ತರಿಸುತ್ತದೆ. ಮೊಜಾಂಬಿಕ್ ಜೊತೆ 2016ರಲ್ಲಿ ಇದಕ್ಕೆಂದೇ ಒಪ್ಪಂದವೂ ಆಗಿದೆ. ಕಲಬುರಗಿಯ ತೊಗರಿ ಬೇಳೆಗೆ 2019ರಲ್ಲಿ ಭೌಗೋಳಿಕ ಸೂಚಕ, ಅಂದರೆ ಜಿಐ ಮಾನ್ಯತೆಯೂ ಸಿಕ್ಕಿದೆ. ಎರಡೂ ಒಂದೇ ಕಪಾಟಿನಲ್ಲಿ ಕೂತಾಗ ಗುರುತಿಸುವುದು ಹೇಗೆ?

ನಾನು ಹಿರೇಕೆರೂರು ತಾಲ್ಲೂಕಿನ ಚಿಕ್ಕೇರೂರಿನವನು. ಹುಬ್ಬಳ್ಳಿಯಲ್ಲಿ ಬಿ.ಇ. ಓದುತ್ತಿದ್ದೇನೆ. ರೂಮಿನಲ್ಲಿ ನಾವು ನಾಲ್ವರು, ಅಡುಗೆ ನಮ್ಮದೇ. ತಿಂಗಳಿಗೊಮ್ಮೆ ಸೂಪರ್ ಮಾರ್ಕೆಟ್‌ಗೆ ಹೋಗಿ ಸಾಮಾನು ತರುವ ಪಾಳಿ ನನಗೇ ಬರುವುದು ಹೆಚ್ಚು. ನಮ್ಮ ಕಡೆ ಸಂತೆಯಲ್ಲಿ ಅವ್ವ ಬದನೆಕಾಯಿ ಮುಟ್ಟುವ ಮೊದಲೇ ಕೇಳುತ್ತಾಳೆ, "ಯಾವೂರಿನ್ವು ಇವು?" ಅಂತ. "ನಮ್ಮ ಹೊಲದಾವ ಯಕ್ಕಾ, ಮುಂಜಾನಿ ಹರಕೊಂಡು ಬಂದೇನಿ" ಎಂಬ ಉತ್ತರ ಬಂದ ಮೇಲೆಯೇ ದರದ ಮಾತು. ಸೂಪರ್ ಮಾರ್ಕೆಟ್‌ನಲ್ಲಿ ಕಪಾಟು ಜೋಡಿಸುತ್ತಿದ್ದ ಹುಡುಗನನ್ನು ನಾನು ಹಾಗೆಯೇ ಕೇಳಿದೆ, "ಅಣ್ಣಾ, ಈ ಬ್ಯಾಳಿ ಎಲ್ಲಿದು?" ಅವನು ಬಹಳ ಪ್ರಾಮಾಣಿಕವಾಗಿ ಹೇಳಿದ: "ಗೋಡೌನ್‌ನಿಂದ ಬರ್ತೈತ್ರಿ ಸರ್." ಅವನ ತಪ್ಪೇನಿಲ್ಲ. ಪ್ಯಾಕೆಟ್ ಅವನಿಗೂ ಅದಕ್ಕಿಂತ ಹೆಚ್ಚು ಹೇಳಿರಲಿಲ್ಲ.

ಕಾನೂನು ಏನು ಹೇಳುತ್ತದೆ?

ಪ್ಯಾಕೆಟ್ ಮೇಲೆ ಏನೇನು ಬರೆಯಬೇಕು ಎನ್ನುವುದನ್ನು ಮುಖ್ಯವಾಗಿ ಎರಡು ಕಡೆಯ ನಿಯಮಗಳು ಹೇಳುತ್ತವೆ. ಒಂದು, ಕಾನೂನು ಮಾಪನಶಾಸ್ತ್ರದ ಪೊಟ್ಟಣ ಸಾಮಗ್ರಿ ನಿಯಮಗಳು, 2011. ತೂಕ, ಅಳತೆ, ಎಂಆರ್‌ಪಿ ನೋಡಿಕೊಳ್ಳುವ ಇಲಾಖೆಯ ನಿಯಮ ಇದು. ಇದಕ್ಕೆ 2017ರಲ್ಲಿ ತಿದ್ದುಪಡಿಯಾಗಿ, 2018ರ ಜನವರಿ 1ರಿಂದ ಜಾರಿಗೆ ಬಂತು. ಆಮದು ಮಾಡಿದ ವಸ್ತುವಿನ ಪ್ಯಾಕೆಟ್ ಮೇಲೆ ಅದು ಯಾವ ದೇಶದ್ದು ಎಂದು ಬರೆಯಲೇಬೇಕು. ಆನ್‌ಲೈನ್‌ನಲ್ಲಿ ಮಾರುವಾಗಲೂ ಮೂಲ ದೇಶವನ್ನು ತೋರಿಸಬೇಕು ಎಂದು 2020ರ ಇ-ಕಾಮರ್ಸ್ ಗ್ರಾಹಕ ಸಂರಕ್ಷಣಾ ನಿಯಮಗಳು ಹೇಳಿವೆ.

ಎರಡನೆಯದು, ಎಫ್‌ಎಸ್‌ಎಸ್‌ಎಐನ ಲೇಬಲ್ ನಿಯಮಗಳು. ಆಮದಾದ ಆಹಾರದ ಮೇಲೆ ಮೂಲ ದೇಶದ ಹೆಸರು ಬೇಕು ಎಂದು ಇವೂ ಹೇಳುತ್ತವೆ. ಆದರೆ ಅದರ ಜೊತೆಗೇ ಇನ್ನೊಂದು ಸಾಲಿದೆ. ಆಹಾರ ಪದಾರ್ಥವೊಂದು ಎರಡನೇ ದೇಶದಲ್ಲಿ ಸಂಸ್ಕರಣೆಗೊಂಡು ಅದರ ಸ್ವರೂಪವೇ ಬದಲಾದರೆ, ಸಂಸ್ಕರಣೆ ನಡೆದ ದೇಶವನ್ನೇ ಲೇಬಲ್ ಮಟ್ಟಿಗೆ ಮೂಲ ದೇಶ ಎಂದು ಪರಿಗಣಿಸಲಾಗುತ್ತದೆ.

ಈ ಒಂದು ಸಾಲು ಅರ್ಥವಾದರೆ ಕಪಾಟಿನ ಅರ್ಧ ರಹಸ್ಯ ಅರ್ಥವಾದಂತೆ. ಹೊರದೇಶದ ಚಾಕೊಲೇಟ್, ಆಲಿವ್ ಎಣ್ಣೆ, ಖರ್ಜೂರದ ಡಬ್ಬಿ ತಮ್ಮ ಊರನ್ನು ಹೇಳಿಕೊಂಡೇ ಬರುತ್ತವೆ. ಅವುಗಳಿಗೆ ಅದೇ ಹೆಮ್ಮೆ, ಅದೇ ಬೆಲೆ. ಆದರೆ ದಿನಾ ತಿನ್ನುವ ಸಾಮಾನು ಹಡಗಿನಲ್ಲಿ ಬಂದು, ಇಲ್ಲಿನ ಕಾರ್ಖಾನೆಯಲ್ಲಿ ಇಳಿದು, ರೂಪ ಬದಲಿಸಿಕೊಂಡು ಹೊರಬಂದಾಗ ಅದರ ಮೈಮೇಲೆ ಇಲ್ಲಿನ ಕಾರ್ಖಾನೆಯ ವಿಳಾಸ ಮಾತ್ರ ಕಾಣುತ್ತದೆ.

ಹಾವೇರಿ ಜಿಲ್ಲೆಯವರಿಗೆ ಇದನ್ನು ಅರ್ಥ ಮಾಡಿಸಲು ಏಲಕ್ಕಿಯ ಉದಾಹರಣೆ ಸಾಕು. 2023ರ ಜನವರಿಯಲ್ಲಿ ಹಾವೇರಿಯಲ್ಲಿ 86ನೇ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನ ನಡೆದಾಗ ಎಲ್ಲೆಲ್ಲೂ 'ಏಲಕ್ಕಿ ಕಂಪಿನ ನಾಡು' ಎಂಬ ಮಾತೇ. ಇಲ್ಲಿನ ಏಲಕ್ಕಿ ಹಾರ ದೊಡ್ಡ ದೊಡ್ಡವರ ಕೊರಳಿಗೆ ಬಿದ್ದಿದೆ. ಆದರೆ ಹಾವೇರಿಯ ಸುತ್ತಮುತ್ತ ಏಲಕ್ಕಿ ತೋಟಗಳಿಲ್ಲ. ಮಲೆನಾಡಿನಲ್ಲಿ ಬೆಳೆದ ಏಲಕ್ಕಿ ಹಿಂದಿನ ಕಾಲದಲ್ಲಿ ಇಲ್ಲಿಗೆ ಬಂದು, ಅಂಟುವಾಳದ ನೀರಿನಲ್ಲಿ ತೊಳೆಸಿಕೊಂಡು, ಬೆಳ್ಳಗಾಗಿ, ಇಲ್ಲಿಂದ ಮಾರಾಟವಾಗುತ್ತಿತ್ತು. ಬೆಳೆದವರು ಘಟ್ಟದವರು, ಹೆಸರು ಹಾವೇರಿಯದು. ಏಲಕ್ಕಿಯಿಂದ ನಮಗೆ ಹೆಸರು ಬಂತು. ಮೆಣಸಿನಕಾಯಿಯ ವಿಷಯದಲ್ಲಿ ಲೆಕ್ಕ ತಿರುವುಮುರುವಾಗಿದೆ. ಅದನ್ನು ಮುಂದೆ ಹೇಳುತ್ತೇನೆ.

890 ಅಂದರೆ ಭಾರತದ್ದೇ?

'ಬಾರ್‌ಕೋಡ್ 890ರಿಂದ ಶುರುವಾದರೆ ಅದು ಭಾರತದಲ್ಲಿ ತಯಾರಾದದ್ದು, 690ರಿಂದ ಶುರುವಾದರೆ ಚೀನಾದ್ದು' ಎಂಬ ಸಂದೇಶ ನಿಮ್ಮ ವಾಟ್ಸ್ಆ್ಯಪ್ ಗುಂಪಿಗೂ ಬಂದಿರಬಹುದು. ನಮ್ಮ ಕಾಕಾ ವರ್ಷಕ್ಕೆ ಎರಡು ಸಲವಾದರೂ ಅದನ್ನು ಮನೆಯ ಗುಂಪಿಗೆ ಹಾಕುತ್ತಾರೆ. ಬಾರ್‌ಕೋಡ್ ಸಂಖ್ಯೆಗಳನ್ನು ಹಂಚುವುದು ಜಿಎಸ್1 ಎಂಬ ಅಂತರರಾಷ್ಟ್ರೀಯ ಸಂಸ್ಥೆ. 890 ಎಂದರೆ ಆ ಕಂಪನಿ ಜಿಎಸ್1 ಸಂಸ್ಥೆಯ ಭಾರತದ ಶಾಖೆಯಿಂದ ಸಂಖ್ಯೆ ಪಡೆದಿದೆ ಎಂದಷ್ಟೇ ಅರ್ಥ. ಭಾರತದ ಕಂಪನಿಯೊಂದು ಹೊರದೇಶದ ಬಾದಾಮಿಯನ್ನು ತರಿಸಿ, ತನ್ನ ಹೆಸರಿನಲ್ಲಿ ಪ್ಯಾಕ್ ಮಾಡಿದರೂ ಸಂಖ್ಯೆ 890ರಿಂದಲೇ ಶುರುವಾಗಬಹುದು. ಬಾರ್‌ಕೋಡ್ ಇರುವುದು ಬಿಲ್ಲಿಂಗ್ ಯಂತ್ರಕ್ಕೆ. ಹೊಲದ ವಿಷಯ ಅದಕ್ಕೆ ಗೊತ್ತಿಲ್ಲ.

ಎಫ್‌ಎಸ್‌ಎಸ್‌ಎಐ ಸಂಖ್ಯೆಯೂ ಅಷ್ಟೇ. 14 ಅಂಕಿಗಳಲ್ಲಿ ಮೊದಲನೆಯದು ಅದು ಪರವಾನಗಿಯೋ ನೋಂದಣಿಯೋ ಎಂಬುದನ್ನು, ನಂತರದ ಎರಡು ಅಂಕಿಗಳು ರಾಜ್ಯವನ್ನು ಸೂಚಿಸುತ್ತವೆ. ಆ ರಾಜ್ಯವೂ ಪರವಾನಗಿ ಪಡೆದವರದ್ದು, ಬೆಳೆ ಬೆಳೆದವರದ್ದಲ್ಲ. ಹಣ್ಣಿನ ಮೇಲಿನ ಸಣ್ಣ ಸ್ಟಿಕ್ಕರ್‌ನಲ್ಲಿ ಕಾಣುವ ನಾಲ್ಕಂಕಿಯ ಸಂಖ್ಯೆಯೂ ಹಣ್ಣಿನ ಜಾತಿ, ಗಾತ್ರ ಗುರುತಿಸಲು ಇರುವಂಥದ್ದು. 4011 ಅಂದರೆ ಬಾಳೆಹಣ್ಣು, ಅಷ್ಟೇ. ಸ್ಟಿಕ್ಕರ್ ಮೇಲೆ ದೇಶದ ಹೆಸರನ್ನೇ ಬರೆದಿದ್ದರೆ ಮಾತ್ರ ದೇಶ ತಿಳಿಯುತ್ತದೆ. ಇನ್ನು ಬುಟ್ಟಿಯಲ್ಲಿ ಬಿಡಿಯಾಗಿ ಸುರಿದಿಟ್ಟ ಬೆಳ್ಳುಳ್ಳಿ, ಸೇಬು, ಕಾಳುಗಳಿಗೆ ಪ್ಯಾಕೆಟ್ಟೇ ಇಲ್ಲ. ಹಾಗಾಗಿ ಪ್ಯಾಕೆಟ್ಟಿನ ನಿಯಮವೂ ಅಲ್ಲಿಗೆ ತಲುಪುವುದಿಲ್ಲ. ಚೀನಾದ ಬೆಳ್ಳುಳ್ಳಿಯ ಆಮದನ್ನು ನಮ್ಮಲ್ಲಿ 2014ರಲ್ಲೇ ನಿಷೇಧಿಸಲಾಗಿದೆ. ಆದರೂ ಅದು ಕಳ್ಳದಾರಿಯಲ್ಲಿ ಬರುತ್ತಿದೆ ಎಂದು 2024ರಲ್ಲಿ ಬೇರೆ ಬೇರೆ ಮಾರುಕಟ್ಟೆಗಳಲ್ಲಿ ಗದ್ದಲವಾಯಿತು. ಬುಟ್ಟಿಯಲ್ಲಿ ಬಿದ್ದ ಮೇಲೆ ಅದನ್ನು ಗಾತ್ರ, ಬಣ್ಣ ನೋಡಿ ಊಹಿಸಬೇಕೇ ಹೊರತು ಓದಿ ತಿಳಿಯುವ ದಾರಿಯಿಲ್ಲ.

ಮಿರ್ಚಿ ಪ್ಲೇಟಿನ ಭೂಪಟ

ನಮ್ಮ ಕಡೆ ಸಂಜೆಯಾದರೆ ಮಿರ್ಚಿ-ಮಂಡಕ್ಕಿ ಬೇಕೇ ಬೇಕು. ಇದಕ್ಕಿಂತ ನಮ್ಮದಾದ ತಿಂಡಿ ಯಾವುದಿದೆ? ಆದರೆ ಒಂದೊಂದೇ ಸಾಮಾನು ಬಿಡಿಸಿ ನೋಡಿ. ಹಸಿಮೆಣಸಿನಕಾಯಿ ಅಕ್ಕಪಕ್ಕದ ಊರಿನದೇ ಇರಬಹುದು. ಎಣ್ಣೆ? ದೇಶಕ್ಕೆ ಬೇಕಾದ ಅಡುಗೆ ಎಣ್ಣೆಯಲ್ಲಿ ಅರ್ಧಕ್ಕಿಂತ ಹೆಚ್ಚು ಹೊರಗಿನಿಂದ ಬರುತ್ತದೆ. ಪಾಮ್ ಎಣ್ಣೆ ಇಂಡೊನೇಷ್ಯಾ, ಮಲೇಷ್ಯಾದಿಂದ, ಸೋಯಾ ಎಣ್ಣೆ ಅರ್ಜೆಂಟೀನಾ, ಬ್ರೆಜಿಲ್‌ನಿಂದ, ಸೂರ್ಯಕಾಂತಿ ಎಣ್ಣೆ ರಷ್ಯಾ, ಉಕ್ರೇನ್‌ನಿಂದ. ಹಿಟ್ಟು? ಬರಿ ಕಡಲೆಹಿಟ್ಟೋ, ಬಟಾಣಿ ಹಿಟ್ಟು ಬೆರೆತದ್ದೋ? ಹಳದಿ ಬಟಾಣಿ ಕೆನಡಾ, ರಷ್ಯಾದಿಂದ ಬರುತ್ತದೆ. 2023ರ ಡಿಸೆಂಬರ್‌ನಲ್ಲಿ ಅದರ ಆಮದು ಸುಂಕವನ್ನೂ ತೆಗೆಯಲಾಯಿತು.

ಇಂಗಿನ ಕಥೆ ಇನ್ನೂ ಸ್ವಾರಸ್ಯ. ಇಂಗಿನ ಅಂಟು ಬರುವುದು ಅಫ್ಗಾನಿಸ್ತಾನ, ಇರಾನ್, ಉಜ್ಬೇಕಿಸ್ತಾನಗಳಿಂದ. ಇಲ್ಲಿ ಅದಕ್ಕೆ ಗೋಂದು, ಮೈದಾ ಅಥವಾ ಅಕ್ಕಿಹಿಟ್ಟು ಬೆರೆಸಿ ಡಬ್ಬಿಗೆ ತುಂಬುತ್ತಾರೆ. ಭಾರತದಲ್ಲೇ ಇಂಗಿನ ಗಿಡ ಬೆಳೆಸುವ ಪ್ರಯತ್ನವಾಗಿ 2020ರ ಅಕ್ಟೋಬರ್‌ನಲ್ಲಿ ಹಿಮಾಚಲ ಪ್ರದೇಶದ ಲಾಹೌಲ್ ಕಣಿವೆಯಲ್ಲಿ ಸಸಿ ನೆಟ್ಟಾಗ ಅದೇ ದೊಡ್ಡ ಸುದ್ದಿಯಾಯಿತು. ಕಳೆದ ರಜೆಯಲ್ಲಿ ಅವ್ವನ ಒಗ್ಗರಣೆ ಡಬ್ಬಿಗಳನ್ನೆಲ್ಲ ಸಾಲಾಗಿಟ್ಟು ಲೇಬಲ್ ಓದಿ ಹೇಳಿದೆ. ಇಂಗಿನ ಡಬ್ಬಿಯ ಮೇಲೆ ಇದ್ದದ್ದು ನಮ್ಮ ದೇಶದ ಕಾರ್ಖಾನೆಯ ವಿಳಾಸ ಮಾತ್ರ. "ಹಂಗಾದ್ರ ನಮ್ಮ ಸಾರಿನ್ಯಾಗ ಕಾಬೂಲ್ ಐತಿ ಅನ್ನು" ಎಂದು ಅವ್ವ ನಕ್ಕಳು.

ಹೊರದೇಶದ್ದು ಎಂದ ಮಾತ್ರಕ್ಕೆ ಕೆಟ್ಟದ್ದು ಎಂದು ನಾನು ಹೇಳುತ್ತಿಲ್ಲ. ತೊಗರಿ ಹೊರಗಿನಿಂದ ಬರದಿದ್ದರೆ ಬಾಡಿಗೆ ರೂಮಿನಲ್ಲಿರುವ ನಮ್ಮಂಥ ವಿದ್ಯಾರ್ಥಿಗಳ ಸಾರು ಇನ್ನೂ ತೆಳ್ಳಗಾಗುತ್ತಿತ್ತು. ಆದರೆ ತಿಳಿದಿರುವುದು ಬೇರೆ, ತಿಳಿಯದೇ ಇರುವುದು ಬೇರೆ. 2022ರ ಫೆಬ್ರವರಿಯಲ್ಲಿ ಉಕ್ರೇನ್ ಯುದ್ಧ ಶುರುವಾಯಿತು. ಏಪ್ರಿಲ್ ಕೊನೆಗೆ ಇಂಡೊನೇಷ್ಯಾ ಕೆಲವು ವಾರ ಪಾಮ್ ಎಣ್ಣೆಯ ರಫ್ತನ್ನೇ ನಿಲ್ಲಿಸಿತು. ಆ ದಿನಗಳಲ್ಲಿ ಎಣ್ಣೆಯ ದರ ಏಕೆ ಏರುತ್ತಿದೆ ಎಂದು ಊರಿನ ಕಟ್ಟೆಯ ಮೇಲೆ ಕೂತವರು ಅಂಗಡಿ ಸಾವ್ಕಾರರನ್ನೇ ಬಯ್ಯುತ್ತಿದ್ದರು. ಎಣ್ಣೆ ಎಲ್ಲಿಂದ ಬರುತ್ತದೆ ಎಂಬುದು ಪ್ಯಾಕೆಟ್ ಮೇಲೆ ಇದ್ದಿದ್ದರೆ ಬೆಲೆ ಇಳಿಯುತ್ತಿರಲಿಲ್ಲ ನಿಜ, ಆದರೆ ಕಾರಣವಾದರೂ ಗೊತ್ತಾಗುತ್ತಿತ್ತು.

ಬ್ಯಾಡಗಿ ಎಂಬ ಹೆಸರು

ಈಗ ನನ್ನ ಮನೆಗೆ ಹತ್ತಿರದ ವಿಷಯಕ್ಕೆ ಬರುತ್ತೇನೆ. ನಮ್ಮ ಹೊಲದಲ್ಲಿ ಗೋವಿನಜೋಳವೇ ಹೆಚ್ಚು. ಜೊತೆಗೆ ಅಪ್ಪ ಒಂದು ಎಕರೆಯಷ್ಟು ಬ್ಯಾಡಗಿ ಮೆಣಸಿನಗಿಡ ಹಾಕುತ್ತಾನೆ. ಒಂದೇ ಸಲಕ್ಕೆ ಕೊಯ್ದು ಮುಗಿಸುವ ಬೆಳೆಯಲ್ಲ ಇದು. ಹಣ್ಣಾದಂತೆಲ್ಲ ಬಿಡಿಸಬೇಕು, ಕಣದಲ್ಲಿ ಹರವಿ ಒಣಗಿಸಬೇಕು, ಇಬ್ಬನಿ ಬಿದ್ದರೆ ಮುಚ್ಚಬೇಕು, ಬಣ್ಣಗೆಟ್ಟ ಕಾಯಿಯನ್ನು ಅವ್ವ ಕೂತು ಆರಿಸಿ ಬೇರೆ ಮಾಡಬೇಕು. ಆಮೇಲೆ ಸೋಮವಾರವೋ ಗುರುವಾರವೋ ನೋಡಿಕೊಂಡು ಪಕ್ಕದ ತಾಲ್ಲೂಕಿನ ಬ್ಯಾಡಗಿ ಮಾರುಕಟ್ಟೆಗೆ ಚೀಲ ಸಾಗಿಸಬೇಕು.

ಬ್ಯಾಡಗಿ ಮೆಣಸಿನಕಾಯಿಗೆ 2011ರಲ್ಲಿ ಜಿಐ ಮಾನ್ಯತೆ ಸಿಕ್ಕಿತು. ಕಡು ಕೆಂಪು ಬಣ್ಣ, ಕಡಿಮೆ ಖಾರ, ಸುಕ್ಕುಗಟ್ಟಿದ ಸಿಪ್ಪೆ ಇದರ ಗುರುತು. ಕಡ್ಡಿ, ಡಬ್ಬಿ ಎಂದು ಎರಡು ಬಗೆ. ಇದರಿಂದ ತೆಗೆದ ಬಣ್ಣದ ಸತ್ವವನ್ನು ಲಿಪ್‌ಸ್ಟಿಕ್‌ನಂಥ ಸೌಂದರ್ಯ ಸಾಧನಗಳಿಗೂ ಬಳಸುತ್ತಾರೆ. ಆದರೆ ಬ್ಯಾಡಗಿ ಮಾರುಕಟ್ಟೆಗೆ ಬರುವುದೆಲ್ಲ ಬ್ಯಾಡಗಿ ತಳಿಯಲ್ಲ. ಬಳ್ಳಾರಿ, ರಾಯಚೂರು ಕಡೆಯಿಂದ, ಆಂಧ್ರದಿಂದ ಲಾರಿ ಲಾರಿ ಕಾಯಿ ಬರುತ್ತದೆ. ಅದರಲ್ಲಿ ಹೆಚ್ಚು ಇಳುವರಿಯ, ಹೆಚ್ಚು ಖಾರದ ತಳಿಗಳೂ ಇರುತ್ತವೆ. ಆ ರೈತರೂ ನಮ್ಮಂತೆಯೇ ಸಾಲ ಮಾಡಿ ಬೆಳೆದವರು, ಅವರ ಮೇಲೆ ನಮಗೆ ಸಿಟ್ಟಿಲ್ಲ. 2024ರ ಮಾರ್ಚ್ 11ರಂದು ದರ ಕುಸಿತದಿಂದ ರೊಚ್ಚಿಗೆದ್ದ ರೈತರು ಬ್ಯಾಡಗಿಯ ಎಪಿಎಂಸಿ ಕಚೇರಿಗೆ ನುಗ್ಗಿ, ವಾಹನಗಳಿಗೆ ಬೆಂಕಿ ಹಚ್ಚಿದ್ದನ್ನು ಎಲ್ಲರೂ ಟಿವಿಯಲ್ಲಿ ನೋಡಿದ್ದೀರಿ. ದರ ಬಿದ್ದರೆ ಎಲ್ಲರ ಹೊಟ್ಟೆಗೂ ಒಂದೇ ಏಟು.

ನನ್ನ ಪ್ರಶ್ನೆ ಮಾರುಕಟ್ಟೆಯಿಂದ ಮುಂದಿನದು. ಹುಬ್ಬಳ್ಳಿಯ ಸೂಪರ್ ಮಾರ್ಕೆಟ್‌ನ ಒಂದೇ ಕಪಾಟಿನಲ್ಲಿ 'ಬ್ಯಾಡಗಿ' ಎಂದು ದೊಡ್ಡದಾಗಿ ಬರೆದ ಮೂರು ಕಂಪನಿಗಳ ಖಾರದ ಪುಡಿ ಕಂಡೆ. ಮೂರನ್ನೂ ತಿರುಗಿಸಿ ಓದಿದೆ. ಒಳಗೇನಿದೆ ಎಂಬಲ್ಲಿ 'ಮೆಣಸಿನಕಾಯಿ' ಎಂದಷ್ಟೇ ಇತ್ತು. ಜಿಐ ಗುರುತು ಮೂರರಲ್ಲೂ ಇರಲಿಲ್ಲ. ನೂರಕ್ಕೆ ನೂರು ಬ್ಯಾಡಗಿ ತಳಿಯೋ, ಅರ್ಧವೋ, ಬಣ್ಣಕ್ಕೆ ಒಂದು ಹಿಡಿಯೋ, ಓದಿ ತಿಳಿಯುವಂತಿರಲಿಲ್ಲ. ಕಾಯಿ ಬೆರೆಸುವುದು ಅಪರಾಧವೇನಲ್ಲ. ಬರಿ ಬ್ಯಾಡಗಿ ಹಾಕಿದರೆ ಖಾರ ಸಾಲದು ಎಂದು ನಮ್ಮ ಮನೆಯಲ್ಲೂ ಬೇರೆ ಕಾಯಿ ಬೆರೆಸಿಯೇ ಪುಡಿ ಕುಟ್ಟಿಸುತ್ತಾರೆ. ಬೆರೆಸಿದ್ದನ್ನು ಹೇಳಬೇಕು, ಅಷ್ಟೇ. ಹೇಳದಿದ್ದರೆ ಬ್ಯಾಡಗಿ ಹೆಸರಿಗೆ ಗ್ರಾಹಕ ಕೊಡುವ ಹೆಚ್ಚಿನ ಹಣ ಬ್ಯಾಡಗಿ ಬೆಳೆದವನ ಕೈಗೆ ಬರುವ ಖಾತ್ರಿ ಇರುವುದಿಲ್ಲ. ಫೋನ್‌ನಲ್ಲಿ ಅಪ್ಪನಿಗೆ ಇದನ್ನೆಲ್ಲ ಹೇಳಿದೆ. ಅಪ್ಪ ಹೇಳಿದ್ದು ಒಂದೇ ಮಾತು: "ಹೆಸರು ನಮ್ದು, ಕಾಯಿ ಯಾವೂರ್ದೋ ಏನೋ."

ಏಲಕ್ಕಿಯ ಲೆಕ್ಕ ತಿರುವುಮುರುವಾಗಿದೆ ಎಂದದ್ದು ಇದಕ್ಕೇ. ಅಲ್ಲಿ ಬೇರೆಯವರ ಬೆಳೆಗೆ ನಮ್ಮ ಹೆಸರು ಸಿಕ್ಕಿತ್ತು. ಇಲ್ಲಿ ನಮ್ಮ ಹೆಸರು ಯಾರ ಬೆಳೆಗೆ ಬೇಕಾದರೂ ಸಿಗುತ್ತಿದೆ. ಲೇಬಲ್ ನಿಯಮ 'ಯಾವ ದೇಶ' ಎಂಬಲ್ಲಿಗೆ ನಿಲ್ಲುತ್ತದೆ. ನಮ್ಮಂಥವರಿಗೆ ಬೇಕಾದ್ದು 'ಯಾವ ನಾಡು' ಎಂಬುದೂ ಹೌದು.

ಬೇರೆ ಕಡೆ ಹೇಗಿದೆ?

ಇದು ಆಗದ ಕೆಲಸವೇನಲ್ಲ. ಯುರೋಪಿನ ದೇಶಗಳಲ್ಲಿ ತಾಜಾ ಹಣ್ಣು, ತರಕಾರಿ ಬಿಡಿಯಾಗಿ ಮಾರುವಾಗಲೂ ದರದ ಫಲಕದ ಜೊತೆ ಬೆಳೆದ ದೇಶದ ಹೆಸರು ಇರಬೇಕು. ಅಮೆರಿಕದಲ್ಲಿ 2009ರಿಂದ ದೊಡ್ಡ ಅಂಗಡಿಗಳು ತಾಜಾ ಹಣ್ಣು-ತರಕಾರಿ, ಮೀನು, ಶೇಂಗಾದಂಥ ವಸ್ತುಗಳಿಗೆ ಮೂಲ ದೇಶವನ್ನು ತೋರಿಸುತ್ತವೆ. ಅಲ್ಲಿ ದನದ ಮತ್ತು ಹಂದಿಯ ಮಾಂಸಕ್ಕೂ ಈ ನಿಯಮವಿತ್ತು. ಕೆನಡಾ, ಮೆಕ್ಸಿಕೊ ದೇಶಗಳು ವಿಶ್ವ ವ್ಯಾಪಾರ ಸಂಸ್ಥೆಗೆ ದೂರು ಕೊಟ್ಟು ಗೆದ್ದ ಮೇಲೆ 2015ರ ಕೊನೆಗೆ ಅವೆರಡನ್ನು ಕೈಬಿಡಲಾಯಿತು. ಒಂದು ಸಾಲಿನ ಲೇಬಲ್ ದೇಶಗಳ ನಡುವೆ ಜಗಳ ಹಚ್ಚಬಲ್ಲದು ಎಂದರೆ ಅದರ ಹಿಂದೆ ಎಷ್ಟು ಹಣವಿದೆ ಎಂದು ಲೆಕ್ಕ ಹಾಕಿ.

ನನಗೆ ಬಹಳ ಹಿಡಿಸಿದ್ದು ಆಸ್ಟ್ರೇಲಿಯಾದ ಪದ್ಧತಿ. 2018ರ ಜುಲೈ 1ರಿಂದ ಅಲ್ಲಿ ಇದು ಕಡ್ಡಾಯ. ಆ ದೇಶದಲ್ಲೇ ಬೆಳೆದ ಅಥವಾ ತಯಾರಿಸಿದ ಆಹಾರದ ಪ್ಯಾಕೆಟ್ ಮೇಲೆ ತ್ರಿಕೋನದೊಳಗೆ ಕಾಂಗರೂ ಚಿತ್ರ, ಅದರ ಕೆಳಗೆ ಒಂದು ಪಟ್ಟಿ. ಒಳಗಿರುವುದರಲ್ಲಿ ಆಸ್ಟ್ರೇಲಿಯಾದ ಸಾಮಗ್ರಿ ಶೇಕಡಾ ಎಷ್ಟೋ ಪಟ್ಟಿ ಅಷ್ಟು ತುಂಬಿರುತ್ತದೆ. ಮೊಬೈಲ್ ಬ್ಯಾಟರಿ ಎಷ್ಟಿದೆ ಎಂದು ನೋಡಿದಷ್ಟೇ ಸುಲಭ. ಅಕ್ಷರ ಬಾರದವರೂ ಓದಬಹುದು. ಖಾರದ ಪುಡಿಯ ಪ್ಯಾಕೆಟ್ ಮೇಲೆ 'ಬ್ಯಾಡಗಿ ತಳಿ ಇಷ್ಟು' ಎಂದು ಇಂಥದ್ದೇ ಒಂದು ಪಟ್ಟಿ ಇದ್ದರೆ ಹೇಗಿರುತ್ತದೆ?

'ನಮ್ಮಲ್ಲಿ ಲಕ್ಷಗಟ್ಟಲೆ ಸಣ್ಣ ರೈತರು, ಯಾರ ಕಾಯಿ ಎಲ್ಲಿ ಹೋಯಿತು ಎಂದು ಲೆಕ್ಕ ಇಡಲು ಸಾಧ್ಯವೇ?' ಎಂದು ನನ್ನ ರೂಮ್‌ಮೇಟ್ ಕೇಳಿದ. ಸಾಧ್ಯವಿದೆ, ನಾವೇ ಮಾಡುತ್ತಿದ್ದೇವೆ. ಯುರೋಪಿಗೆ ಹೋಗುವ ನಮ್ಮ ದ್ರಾಕ್ಷಿಗೆ ಅಪೆಡಾ ಸಂಸ್ಥೆಯ ಗ್ರೇಪ್‌ನೆಟ್ ಎಂಬ ವ್ಯವಸ್ಥೆ ಇದೆ. ತೋಟದ ನೋಂದಣಿಯಿಂದ ಹಿಡಿದು ಪ್ರಯೋಗಾಲಯದ ಪರೀಕ್ಷೆ, ಪ್ಯಾಕಿಂಗ್‌ವರೆಗೆ ಎಲ್ಲವೂ ಅದರಲ್ಲಿ ದಾಖಲಾಗುತ್ತದೆ. ಅಲ್ಲಿಗೆ ಹೋದ ದ್ರಾಕ್ಷಿಯಲ್ಲಿ ದೋಷ ಕಂಡರೆ ಅದು ಯಾವ ತೋಟದ್ದು ಎಂದು ಹಿಂದಕ್ಕೆ ಹುಡುಕಬಹುದು. ಅಂದರೆ ಕೊಳ್ಳುವವನು ಗಟ್ಟಿಯಾಗಿ ಕೇಳಿದರೆ ಉತ್ತರ ಸಿಗುತ್ತದೆ. ಯುರೋಪಿನವರು ಕೇಳಿದರು, ಅವರಿಗೆ ಸಿಕ್ಕಿತು. ನಾವು ಇನ್ನೂ ಕೇಳಿಲ್ಲ.

ನಾವೇನು ಮಾಡಬಹುದು?

ಮೊದಲನೆಯದು, ಓದುವ ಅಭ್ಯಾಸ. 'ಪ್ಯಾಕ್ ಮಾಡಿದವರು', 'ತಯಾರಿಸಿದವರು', 'ಆಮದು ಮಾಡಿದವರು', 'ಮಾರಾಟ ಮಾಡುವವರು' ಎಂಬ ನಾಲ್ಕು ಮಾತುಗಳಿಗೆ ನಾಲ್ಕು ಬೇರೆ ಅರ್ಥಗಳಿವೆ. 'ಪ್ಯಾಕ್ ಮಾಡಿದವರು' ಎಂದಷ್ಟೇ ಇದ್ದರೆ ಆ ವಿಳಾಸ ಚೀಲ ಕಟ್ಟಿದ ಜಾಗದ್ದು ಎಂದು ತಿಳಿಯಿರಿ. ಎರಡನೆಯದು, ಹೊರದೇಶದ ವಸ್ತು ಎಂದು ಗೊತ್ತಿದ್ದೂ ಪ್ಯಾಕೆಟ್ ಮೇಲೆ ದೇಶದ ಹೆಸರಿಲ್ಲದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು. ಆಹಾರದ ವಿಷಯವಾದರೆ ಎಫ್‌ಎಸ್‌ಎಸ್‌ಎಐನ ಫುಡ್ ಸೇಫ್ಟಿ ಕನೆಕ್ಟ್ ಆ್ಯಪ್‌ನಲ್ಲೂ ದೂರು ಕೊಡಬಹುದು. ಮೂರನೆಯದು, ಬ್ಯಾಡಗಿ ಮೆಣಸಿನಕಾಯಿ, ಕಲಬುರಗಿ ತೊಗರಿಯಂಥ ಹೆಸರಿಗೆ ಹೆಚ್ಚು ಹಣ ಕೊಡುವಾಗ ಜಿಐ ಗುರುತು ಇದೆಯೇ ನೋಡಿ. ಇಲ್ಲದಿದ್ದರೆ ಪ್ಯಾಕೆಟ್ ಮೇಲಿನ ಗ್ರಾಹಕ ಸೇವಾ ನಂಬರ್‌ಗೆ ಫೋನ್ ಮಾಡಿ, 'ಇದರಲ್ಲಿ ಬ್ಯಾಡಗಿ ತಳಿ ಎಷ್ಟಿದೆ?' ಎಂದು ಕೇಳಿ. ನಾನು ಒಂದು ಕಂಪನಿಗೆ ಮಾಡಿದೆ. ಆ ಕಡೆಯಿಂದ ಮಾತಾಡಿದವರು ಮೂರು ನಿಮಿಷ ಕಾಯಿಸಿ, 'ತಿಳಿಸುತ್ತೇವೆ' ಎಂದರು. ಇನ್ನೂ ತಿಳಿಸಿಲ್ಲ. ಒಬ್ಬನೇ ಕೇಳಿದರೆ ಅಷ್ಟೇ. ನೂರು ಜನ ಕೇಳಿದರೆ ಅವರ ಮೀಟಿಂಗ್‌ನಲ್ಲಿ ಅದೊಂದು ವಿಷಯವಾಗುತ್ತದೆ.

ಕೆಲಸ ಹುಡುಕುತ್ತಿರುವ ಗೆಳೆಯರಿಗೂ ಇಲ್ಲೊಂದು ಮಾತು. ಲೇಬಲ್ ಹಿಂದೆ ಒಂದು ದೊಡ್ಡ ಲೋಕವೇ ಇದೆ: ಆಹಾರ ಪರೀಕ್ಷಾ ಪ್ರಯೋಗಾಲಯ, ಗುಣಮಟ್ಟ ತಪಾಸಣೆ, ಕಾನೂನು ಮಾಪನಶಾಸ್ತ್ರ ಇಲಾಖೆ, ಹೊಲದಿಂದ ಅಂಗಡಿವರೆಗಿನ ದಾಖಲೆ ಇಡುವ ಸಾಫ್ಟ್‌ವೇರ್. ಕಂಪ್ಯೂಟರ್ ಸೈನ್ಸ್ ಓದುವ ನಾವು ಪ್ರಾಜೆಕ್ಟ್ ಎಂದರೆ ಹಾಜರಾತಿ ಆ್ಯಪ್, ಲೈಬ್ರರಿ ಆ್ಯಪ್ ಎಂದು ಹೊರಡುತ್ತೇವೆ. ನಮ್ಮೂರಿನ ಮೆಣಸಿನಕಾಯಿ ಚೀಲಕ್ಕೆ ಒಂದು ಕ್ಯೂಆರ್ ಕೋಡ್ ಅಂಟಿಸಿ, ತಳಿ ಯಾವುದು, ಊರು ಯಾವುದು, ಯಾವ ವಾರ ಬಿಡಿಸಿದ್ದು ಎಂದು ತೋರಿಸುವ ಪ್ರಾಜೆಕ್ಟ್‌ಗೆ ನಾನು ಮತ್ತು ಇಬ್ಬರು ಗೆಳೆಯರು ಕೈ ಹಾಕಿದ್ದೇವೆ. ಕೋಡ್ ಬರೆಯುವುದು ಕಷ್ಟವಲ್ಲ. ಚೀಲ ಬಿಚ್ಚಿ ಬೇರೆ ಕಾಯಿಯ ರಾಶಿಗೆ ಸುರಿದ ಮೇಲೆ ಏನು ಮಾಡುವುದು ಎಂಬುದು ಕಷ್ಟ. ಅಲ್ಲೇ ಸದ್ಯಕ್ಕೆ ಸಿಕ್ಕಿಕೊಂಡಿದ್ದೇವೆ. ಇದಕ್ಕೆ ಉಪಾಯ ಹೊಳೆದವರು ಹೇಳಿ, ಜೊತೆಯಾಗೋಣ.

ಜನವರಿ ಬಂದರೆ ನಮ್ಮ ಕಣದಲ್ಲಿ ಮತ್ತೆ ಕೆಂಪು ಹರಡುತ್ತದೆ. ಆ ಕಾಯಿ ಪುಡಿಯಾಗಿ ಯಾವ ಊರಿನ ಯಾವ ಕಪಾಟು ಸೇರುತ್ತದೋ ಅಪ್ಪನಿಗೆ ಗೊತ್ತಾಗುವುದಿಲ್ಲ. ಕೊಂಡವರಿಗಾದರೂ ಅದು ಯಾರ ಬೆಳೆ ಎಂದು ಗೊತ್ತಾಗಬೇಡವೇ?